ಅರ್ಧ ಮಿಲಿಮೀಟರ್ ತೆಳುವಾದ ತುಂಡು

ಇದನ್ನು ಹೇಳುವುದನ್ನು ನಾನು ಇಷ್ಟು ವರ್ಷ ಮುಂದೂಡುತ್ತಲೇ ಬಂದೆ. ಮೊದಲು ನಿವೃತ್ತಿಯಾಗಲಿ ಎಂದುಕೊಂಡೆ. ಆಮೇಲೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆಯೋಣ ಎಂದುಕೊಂಡೆ. ಪೊರೆ ತೆಗೆಸಿ ಎರಡು ವರ್ಷವಾಯಿತು, ಬಸ್ಸಿನ ಬೋರ್ಡು ದೂರದಿಂದಲೇ ಕಾಣುತ್ತದೆ, ಆದರೂ ಬರೆಯಲಿಲ್ಲ. ಕಳೆದ ತಿಂಗಳು ಒಂದು ಸಭೆಯಲ್ಲಿ ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಕೈಗೆ ಮೈಕು ಹಿಡಿಸಿದ ಮೇಲೆ ಇನ್ನು ಸುಮ್ಮನಿರಲು ಆಗಲಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಫಿಟ್ಟರ್ ಆಗಿದ್ದೆ. ಅದು ಬಾಗಿಲು ಹಾಕಿದ ಮೇಲೆ ನಾಗಸಂದ್ರದ ಹತ್ತಿರ ಒಂದು ಖಾಸಗಿ ಕೈಗಾರಿಕಾ ತರಬೇತಿ ಕೇಂದ್ರದಲ್ಲಿ ವರ್ಕ್‌ಶಾಪ್ ಮೇಷ್ಟ್ರಾದೆ. ಕೈಯಲ್ಲಿ ಸರ್ಟಿಫಿಕೇಟ್ ಇರಲಿಲ್ಲ, ಕೆಲಸ ಇತ್ತು. ಆಗಿನ ಮಾಲೀಕರಿಗೆ ಅಷ್ಟು ಸಾಕಾಗಿತ್ತು.

ಸಭೆ ನಡೆದದ್ದು ಅದೇ ಕೇಂದ್ರದಲ್ಲಿ. ಹೊಸ ಮೇಷ್ಟ್ರುಗಳಿಗೆ ಹಿರಿಯರಿಂದ ಅನುಭವ ಹಂಚಿಕೆ ಎಂದು ಬ್ಯಾನರ್ ಕಟ್ಟಿದ್ದರು. ಹಿರಿಯರು ಮೂವರು: ನಿವೃತ್ತ ಪ್ರಿನ್ಸಿಪಾಲರು, ಥಿಯರಿ ಮೇಷ್ಟ್ರು, ನಾನು.

ಥಿಯರಿ ಮೇಷ್ಟ್ರು ಮೊದಲು ಎದ್ದರು. "ವಿದ್ಯಾರ್ಥಿಯ ಕಣ್ಣು ನೋಡಿ ಪಾಠ ಮಾಡಬೇಕು. ಅರ್ಥವಾಯಿತೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ" ಎಂದರು. ಇವರು ಇಪ್ಪತ್ತೆರಡು ವರ್ಷ ಒಂದೇ ನೋಟ್ ಪುಸ್ತಕ ನೋಡಿಕೊಂಡು ಬರೆಸಿದವರು. ತಲೆ ಎತ್ತುತ್ತಿದ್ದದ್ದು ಬೆಲ್ ಹೊಡೆದಾಗ ಮಾತ್ರ. ಆ ಪುಸ್ತಕದ ಒಂದು ಹಾಳೆ ಕಿತ್ತುಹೋದ ವರ್ಷದಿಂದ ನಮ್ಮ ಕೇಂದ್ರದಲ್ಲಿ ಯಾರಿಗೂ ರಿವೆಟ್ಟಿನ ಪಾಠವಾಗಲಿಲ್ಲ.

ಆಮೇಲೆ ಪ್ರಿನ್ಸಿಪಾಲರು. "ಪ್ರಶ್ನೆ ಕೇಳುವ ವಿದ್ಯಾರ್ಥಿಯೇ ತರಗತಿಯ ಆಸ್ತಿ" ಎಂದರು. ಅವರ ಕಾಲದಲ್ಲಿ ಆ ಆಸ್ತಿಗಳೆಲ್ಲ ಅವರ ಕಾರು ತೊಳೆದಿವೆ.

ನನ್ನ ಸರದಿ ಬಂದಾಗ ನಾನೂ ಕಡಿಮೆ ಮಾಡಲಿಲ್ಲ. ತಾಳ್ಮೆ, ಪ್ರೀತಿ, ಪ್ರಾಮಾಣಿಕತೆ ಎಂದು ಬೆರಳು ಮಡಚಿ ಎಣಿಸಿದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹೊಸ ಮೇಷ್ಟ್ರು ಕೈ ಎತ್ತಿದರು.

"ಸಾರ್, ಎಲ್ರೂ ಒಳ್ಳೇದೇ ಹೇಳ್ತಿದ್ದೀರ. ನೀವು ಮಾಡಿದ್ ಒಂದ್ ತಪ್ಪು ಹೇಳಿ ಸಾರ್. ನಮ್ಗೆ ಯೂಸ್ ಆಗೋದು ಅದೇ."

ಸಭೆ ನಕ್ಕಿತು. ನಾನೂ ನಕ್ಕೆ. "ಹುಡುಗ್ರ ಮೇಲೆ ಸ್ವಲ್ಪ ಜಾಸ್ತಿ ಸ್ಟ್ರಿಕ್ಟ್ ಆಗಿದ್ದೆ ಕಣಪ್ಪಾ. ಅದೇ ನನ್ ತಪ್ಪು" ಎಂದೆ. ಜೋರು ಚಪ್ಪಾಳೆ ಬಿತ್ತು. ತಪ್ಪು ಹೇಳಿ ಎಂದರೆ ಅದರಲ್ಲೂ ತಮ್ಮನ್ನು ಹೊಗಳಿಕೊಳ್ಳುವ ವಿದ್ಯೆ ಮೇಷ್ಟ್ರುಗಳಿಗೆ ಯಾರೂ ಕಲಿಸಬೇಕಾಗಿಲ್ಲ.

ನನ್ನ ನಿಜವಾದ ತಪ್ಪು ವರ್ಕ್‌ಶಾಪಿನ ಮೂಲೆಯ ಹಸಿರು ಬೀರುವಿನಲ್ಲಿತ್ತು.

ಫಿಟ್ಟರ್ ಪರೀಕ್ಷೆಯ ದಿನ ಒಬ್ಬೊಬ್ಬರಿಗೂ ಹತ್ತು ಮಿಲಿಮೀಟರ್ ದಪ್ಪದ ಕಬ್ಬಿಣದ ಪ್ಲೇಟು ಕೊಡುತ್ತಾರೆ. ಅದನ್ನು ಕೊಯ್ದು, ಅರದಿಂದ ಉಜ್ಜಿ, ಒಂದರೊಳಗೊಂದು ಕೂರುವ ಎರಡು ತುಂಡು ಮಾಡಬೇಕು. ಇದಕ್ಕೆ ನಾವು ಜಾಬ್ ಎನ್ನುತ್ತೇವೆ. ಕೂರಿಸಿ ಕಿಟಕಿಗೆ ಹಿಡಿದರೆ ಸಂದಿನಲ್ಲಿ ಬೆಳಕು ಕಾಣಬಾರದು. ಯಾರ ಜಾಬ್ ಎಂದು ತಿಳಿಯಲು ಮೂಲೆಯಲ್ಲಿ ರೋಲ್ ನಂಬರ್ ಪಂಚ್ ಹೊಡೆಯುತ್ತೇವೆ. ಪ್ರತಿ ವರ್ಷದ ಒಳ್ಳೆಯ ಜಾಬ್‌ಗಳನ್ನು ನಾನು ಎಣ್ಣೆ ಸವರಿ ಬೀರುವಿನಲ್ಲಿ ಇಡುತ್ತಿದ್ದೆ. ಮುಂದಿನ ವರ್ಷ ಕೈಲಾಗದವನೊಬ್ಬ ಸಿಕ್ಕರೆ, ಹಳೆಯದರ ನಂಬರ್ ಅರದಿಂದ ತೆಗೆದು, ಅವನ ನಂಬರ್ ಹೊಡೆದು, ಎಮರಿ ಪೇಪರ್ ಉಜ್ಜಿದರೆ ಮುಗಿಯಿತು. ಒಂದು ಜಾಬ್ ನನ್ನ ಲೆಕ್ಕದಲ್ಲಿ ಐದು ಸಲ ಪಾಸಾಗಿದೆ. ಅದನ್ನು ಮಾಡಿದವನು ಒಂದೇ ಸಲ ಪಾಸಾದದ್ದು.

ನಮ್ಮಲ್ಲಿ ಫೇಲಾದವರೇ ಇಲ್ಲ ಎಂದು ಗೇಟಿನ ಮೇಲೆ ಬರೆಸಿದ್ದರು. ಬೀರುವಿಗೆ ಬೀಗ ತಂದುಕೊಟ್ಟದ್ದು ಪ್ರಿನ್ಸಿಪಾಲರೇ.

ನನ್ನ ನಿವೃತ್ತಿಗೆ ಒಂದು ವರ್ಷ ಇರುವಾಗ ಒಬ್ಬರು ಮೇಡಂ ಬಂದರು. ಆಗ ಮೆಟ್ರೋ ನಾಗಸಂದ್ರಕ್ಕೇ ನಿಂತುಹೋಗುತ್ತಿತ್ತು. ಸಿಂದಗಿ ಕಡೆಯವರು, ಡಿಪ್ಲೊಮಾ ಮಾಡಿದವರು, ಕಬ್ಬಿಣ ಕಚ್ಚಿ ಹಿಡಿಯುವ ನಮ್ಮ ಕೇಂದ್ರದ ವೈಸ್ ಮುಂದೆ ನಿಂತ ಮೊದಲ ಹೆಣ್ಣುಮಗಳು. ಮಾಕಳಿಯಲ್ಲಿ ಒಂದು ಕೋಣೆ ಮಾಡಿಕೊಂಡು ತಂಗಿಯನ್ನು ಜಾಲಹಳ್ಳಿಯ ಕಾಲೇಜಿಗೆ ಸೇರಿಸಿದ್ದರು. ಕೆಲಸ ಒಂದು ವರ್ಷ ತಾತ್ಕಾಲಿಕ, ಪರೀಕ್ಷೆ ಮುಗಿದ ಮೇಲೆ ಕಾಯಂ. ಕಾಯಂ ಆಗದಿದ್ದರೆ ಅಕ್ಕತಂಗಿ ಇಬ್ಬರೂ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬರಬೇಕು ಎಂದು ಮನೆಯವರು ಹೇಳಿ ಕಳಿಸಿದ್ದರು. ಇದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಮೊದಲ ವಾರವೇ ನಾನು ಹಿರಿಯನ ಗತ್ತಿನಲ್ಲಿ ಬೀರು ತೆರೆದು ತೋರಿಸಿದೆ.

"ಇಷ್ಟ್ ಛಂದ ಜಾಬ್ ಅದಾವಲ್ರಿ ಸರ! ಹುಡುಗ್ರಿಗೆ ತೋರ್ಸಾಕ ಇಟ್ಟೀರೇನ್ರಿ?"

"ಹುಡುಗ್ರಿಗಲ್ಲಮ್ಮಾ, ಪರೀಕ್ಷೆ ಮಾಡೋರಿಗೆ ತೋರ್ಸೋಕೆ" ಎಂದು ವಿಷಯ ಬಿಡಿಸಿ ಹೇಳಿದೆ.

ಅವರ ನಗು ನಿಂತಿತು. "ನಮ್ಮ ಬ್ಯಾಚಿಗೆ ಬ್ಯಾಡ್ರಿ ಸರ. ಬೆಳಕ ಬಿಟ್ರ ಬಿಡ್ಲಿ, ಅವರ ಕೈಯಿಂದನ ಆಗ್ಲಿ."

ಈ ಮಾತು ಸ್ಟಾಫ್ ರೂಮಿಗೆ ಬಂದು ಒಂದು ವಾರ ನಮಗೆಲ್ಲ ಟೀ ಜೊತೆ ಮೆಲ್ಲಲು ಸಿಕ್ಕಿತು. ಮೇಡಂ ತಮ್ಮ ಬ್ಯಾಚಿಗೆ ಅರ ಹಿಡಿಯುವುದಕ್ಕೆ ಮೊದಲು ವರ್ನಿಯರ್ ಮಾಪಕ ಹಿಡಿದು ಅಳೆಯುವುದನ್ನು ಕಲಿಸುತ್ತಿದ್ದರು. ಥಿಯರಿ ಮೇಷ್ಟ್ರು ರೇಗಿಸಿದರು: "ಏನ್ ಮೇಡಂ, ದಿನಾ ಅಳೀತಾನೇ ಇರ್ತಾರೆ ನಿಮ್ ಹುಡುಗ್ರು? ದರ್ಜಿ ಅಂಗಡಿ ಏನಾದ್ರೂ ಇಡ್ಸ್ತೀರಾ?"

"ಇಡ್ಸೂಣ್ರಿ ಸರ. ಮೊದಲನೇ ಅಂಗಿ ನಿಮ್ಗ. ನಿಮ್ ನೋಟ್ ಪುಸ್ತಕಕ್ಕ ಒಂದ್ ಕಿಸೆ ಹಚ್ಚಿ ಕೊಡ್ತಾರ."

ನಾನು ಜೋರಾಗಿ ನಕ್ಕೆ. ಒಳಗೆ ಮಾತ್ರ ಉರಿಯಿತು. ವರ್ಷದ ಕೊನೆಗೆ ಅವರ ವಿದ್ಯಾರ್ಥಿಗಳು ಕಿಟಕಿಗೆ ಹಿಡಿಯುತ್ತಿದ್ದ ಜಾಬ್‌ಗಳಲ್ಲಿ ಬೆಳಕು ಬರುತ್ತಿರಲಿಲ್ಲ. ನನ್ನವರದ್ದರಲ್ಲಿ ಹೊರಗಿನ ರಸ್ತೆಯೇ ಕಾಣುತ್ತಿತ್ತು.

ಪರೀಕ್ಷೆಯ ಮೊದಲ ದಿನ ನನ್ನ ಬ್ಯಾಚು. ಹಳೆಯ ಪರಿಚಯದ ಪರೀಕ್ಷಕರು, ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಸಹಿ ಮಾಡಿದರು. ಪಾಸಾದ ಜಾಬ್‌ಗಳಲ್ಲಿ ಬೀರುವಿನವು ನಾಲ್ಕು. ಎರಡನೇ ದಿನ ಮೇಡಂ ಬ್ಯಾಚು. ಅವರ ಬ್ಯಾಚಿನಲ್ಲಿ ಒಬ್ಬನದು ಮಾತ್ರ ಕೂರಲಿಲ್ಲ. ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟ್ ಮಾಡಿಕೊಂಡು ಓದುತ್ತಿದ್ದವನು, ನಿಂತಲ್ಲೇ ತೂಕಡಿಸುತ್ತಿದ್ದ. ಮೇಡಂ ಅವನಿಗೆ, "ಇರ್ಲಿ ಬಿಡೋ. ಆರ್ ತಿಂಗ್ಳಿಗೆ ಮತ್ತ ಕುಂಡ್ರು. ಅಲ್ಲೀತನಾ ನಾ ಹೇಳಿಕೊಡ್ತೀನಿ" ಎಂದರು.

ಗೇಟಿನ ಬೋರ್ಡಿಗೆ ಮಸಿ ಬಳಿದವರನ್ನು ಪ್ರಿನ್ಸಿಪಾಲರು ಕಾಯಂ ಮಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಈಕೆಗೆ ಸಹಾಯ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಪೂರ್ತಿ ಸುಳ್ಳಲ್ಲ. ಆದರೆ ಮನಸ್ಸಿನಲ್ಲಿ ಇನ್ನೊಂದು ಮಾತು ಸಿದ್ಧವಾಗಿ ಕೂತಿತ್ತು. ಫಲಿತಾಂಶ ಬಂದ ಮೇಲೆ ಎಲ್ಲರ ಮುಂದೆ ಟೀ ಕುಡಿಯುತ್ತಾ, "ನೋಡಿದ್ಯೇನಮ್ಮಾ, ನಿನ್ ಪ್ರಾಮಾಣಿಕತೇನ ಪಾಸ್ ಮಾಡ್ಸಿದ್ದು ನನ್ ಬೀರು" ಎನ್ನಬೇಕು ಎಂದುಕೊಂಡಿದ್ದೆ. ಸಹಾಯದ ಮನಸ್ಸು ಒಂದಿಷ್ಟು, ಈ ಮಾತಿನ ಆಸೆ ಒಂದಿಷ್ಟು. ಯಾವುದು ಹೆಚ್ಚಿತ್ತೆಂದು ಈ ವಯಸ್ಸಿನಲ್ಲಿ ಸುಳ್ಳು ಹೇಳಲಾರೆ.

ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದಾಗ ಬೀರು ತೆರೆದೆ. ಕೈಗೆ ಸಿಕ್ಕ ಜಾಬಿನ ಹಳೆಯ ನಂಬರ್ ಆಳಕ್ಕೆ ಇಳಿದಿತ್ತು. ಇದ್ದದ್ದು ಅರ್ಧ ಗಂಟೆ. ಒರಟು ಅರ ತೆಗೆದುಕೊಂಡು ಬೇಗ ಬೇಗ ಉಜ್ಜಿದೆ. ನಂಬರ್ ಹೋಯಿತು, ಅದರ ಜೊತೆ ಆ ಕಡೆಯ ದಪ್ಪವೂ ಹೋಯಿತು. ಆ ತೂಕಡಿಸುವವನ ನಂಬರ್ ಹೊಡೆದು, ಅವನ ಜಾಬ್ ತೆಗೆದು, ಇದನ್ನು ಟ್ರೇನಲ್ಲಿಟ್ಟೆ. ದಪ್ಪವನ್ನು ಯಾರೂ ಅಳೆಯುವುದಿಲ್ಲ. ಅಂಗಡಿಯಿಂದ ಬಂದ ಪ್ಲೇಟಿನ ದಪ್ಪ ಅಳೆಯುವ ಹುಚ್ಚರು ಯಾರು?

ಆ ದಿನ ಬಂದದ್ದು ಬೇರೆ ಪರೀಕ್ಷಕರು. ಊಟ ಬೇಡವೆಂದರು, ಡಬ್ಬಿ ತಂದಿದ್ದರು. ಒಂದೊಂದೇ ಜಾಬ್ ಅಳೆಯುತ್ತಾ ಬಂದು ಇದರ ಹತ್ತಿರ ನಿಂತರು.

"ಮೇಡಂ, ಎಲ್ಲಾ ಪ್ಲೇಟು ಹತ್ತು ಇದೆ. ಇದೊಂದು ಈ ಕಡೆ ಹತ್ತು, ಆ ಕಡೆ ಒಂಬತ್ತೂವರೆ. ಏನು, ಡಯೆಟ್ ಮಾಡ್ತಿತ್ತಾ?"

ಮೇಡಂ ತಮ್ಮ ವರ್ನಿಯರ್ ತಂದು ತಾವೇ ಅಳೆದರು. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. ಹಳೆಯ ನಂಬರಿನ ಒಂದು ಗೆರೆ ಇನ್ನೂ ಉಳಿದಿತ್ತು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಒರೆಸಿದ ವೈಸನ್ನೇ ಮತ್ತೆ ಒರೆಸುತ್ತಿದ್ದೆ.

ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆದರು. ಆ ವಿದ್ಯಾರ್ಥಿ "ಇದು ನಂದಲ್ಲ ಸಾರ್, ನಂಗೇನೂ ಗೊತ್ತಿಲ್ಲ" ಎಂದಿದ್ದ. ಯಾರೂ ನಂಬಿರಲಿಲ್ಲ. ಪರೀಕ್ಷಕರು ಬರಹದಲ್ಲಿ ಕಾರಣ ಕೇಳಿದ್ದರು, ಅದಕ್ಕೆ ಯಾರಾದರೂ ಒಬ್ಬರು ಬೇಕಾಗಿತ್ತು. ಬ್ಯಾಚು ಮೇಡಂದು.

"ನಾ ಮಾಡಿಲ್ರಿ ಸರ" ಎಂದಷ್ಟೇ ಅವರು ಹೇಳಿದರು. ನನ್ನ ಕಡೆ ಬೆರಳು ತೋರಿಸಲಿಲ್ಲ. ನಾನೇ ಹೇಳುತ್ತೇನೆಂದು ಕಾದರು.

"ಮೇಷ್ಟ್ರೇ, ನೀವ್ ಸೀನಿಯರು. ನೀವೇನ್ ಹೇಳ್ತೀರ?"

ಬೀಗ ತಂದುಕೊಟ್ಟ ಮನುಷ್ಯ ನನ್ನನ್ನು ಕೇಳುತ್ತಿದ್ದಾರೆ. ನಾನು ಕೈ ಮುಗಿದೆ. "ಹೊಸಬ್ರು ಸಾರ್. ಹುಡುಗನ ಮೇಲಿನ ಕನಿಕರಕ್ಕೆ ಮಾಡ್ಬಿಟ್ಟಿದ್ದಾರೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸ್ಬಿಡಿ ಸಾರ್."

ಸುಮ್ಮನಿದ್ದರೂ ಒಂದು ಮರ್ಯಾದೆ ಇರುತ್ತಿತ್ತು. ನಾನು ಮಾಡಿದ್ದಕ್ಕೆ ಅವರ ಪರವಾಗಿ ಕ್ಷಮೆ ಕೇಳಿದೆ.

"ನೋಡಿ ಮೇಡಂ, ಹಿರಿಯರು ಅಂದ್ರೆ ಹೀಗಿರ್ಬೇಕು" ಎಂದರು ಪ್ರಿನ್ಸಿಪಾಲರು. "ನಾಳೆ ಹತ್ತು ಗಂಟೆಗೆ ನಿರ್ಧಾರ ಹೇಳ್ತೀನಿ."

ಸಂಜೆ ನಾಗಸಂದ್ರದ ಮೆಟ್ರೋ ಮೆಟ್ಟಿಲ ಕೆಳಗೆ, ಮಾಕಳಿ ಬಸ್ಸು ಹತ್ತುವ ಜಾಗದಲ್ಲಿ ಮೇಡಂ ನನಗಾಗಿ ನಿಂತಿದ್ದರು. ಎರಡು ಬಸ್ಸು ಬಿಟ್ಟಿರಬೇಕು.

"ಸರ, ನಾ ಸಿಟ್ಟಿಗೇಳಂಗಿಲ್ರಿ. ನಿಮ್ಮ ಮನಸಿನ್ಯಾಗ ಏನಿತ್ತೋ ಕೇಳಂಗೂ ಇಲ್ಲ. ನಾಳೆ ಹತ್ತರೊಳಗ ಅವರಿಗೆ ಒಂದ್ ಮಾತು ಹೇಳ್ರಿ. ನಿಮ್ದೇನು, ಬರೂ ವರ್ಷ ರಿಟೈರ್‌ಮೆಂಟ್. ನನ್ ತಂಗೀದು ಇನ್ನೂ ಎರಡ್ ವರ್ಷ ಓದು ಅದ."

"ನೋಡೋಣಮ್ಮಾ" ಎಂದೆ.

"ನೋಡೋಣ ಅನ್ಬ್ಯಾಡ್ರಿ ಸರ. ಹೇಳ್ತೀನಿ ಅನ್ರಿ, ಇಲ್ಲಾ ಹೇಳಂಗಿಲ್ಲ ಅನ್ರಿ."

"ಬಸ್ ಬಂತು ನೋಡಮ್ಮಾ" ಎಂದೆ.

ಮರುದಿನ ಬೆಳಿಗ್ಗೆ ಬಿಪಿ ಜಾಸ್ತಿಯಾಗಿದೆ ಎಂದು ರಜೆ ಹಾಕಿದೆ. ಹೆಂಡತಿ ಉಪ್ಪಿಲ್ಲದ ಸಾರು ಮಾಡಿದಳು, ಮೂರು ದಿನ ಉಂಡೆ. ನಾಲ್ಕನೇ ದಿನ ಹೋದಾಗ ಅವರ ಮೇಜು ಖಾಲಿಯಾಗಿತ್ತು. ವರ್ನಿಯರನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಸ್ಟೋರಿಗೆ ಒಪ್ಪಿಸಿ ಹೋಗಿದ್ದರು. ಮುಂದಿನ ವರ್ಷ ನನ್ನ ಬೀಳ್ಕೊಡುಗೆಯಲ್ಲಿ ಪ್ರಿನ್ಸಿಪಾಲರು, ಕಿರಿಯರ ತಪ್ಪನ್ನೂ ಹೊಟ್ಟೆಗೆ ಹಾಕಿಕೊಂಡ ಹಿರಿಯ ಎಂದು ನನ್ನನ್ನು ಹೊಗಳಿದರು. ನಾನು ಕಣ್ಣು ಒರೆಸಿಕೊಂಡೆ. ಜನ ಅದನ್ನೂ ವಿನಯವೆಂದುಕೊಂಡರು.

ಕಳೆದ ತಿಂಗಳ ಸಭೆಗೆ ಮತ್ತೆ ಬರುತ್ತೇನೆ. ಊಟವಾದ ಮೇಲೆ ಪ್ರಶ್ನೆ ಕೇಳಿದ ಆ ಹೊಸ ಮೇಷ್ಟ್ರು ನನ್ನನ್ನು ವರ್ಕ್‌ಶಾಪಿಗೆ ಕರೆದುಕೊಂಡು ಹೋದರು. ಹಸಿರು ಬೀರು ಅಲ್ಲೇ ಇತ್ತು, ಹೊಸದಾಗಿ ಬಣ್ಣ ಹೊಡೆದಿದ್ದರು. ಅವರು ಕಣ್ಣು ಮಿಟುಕಿಸಿ, "ನಿಮ್ ಬೀರು ಇವತ್ತಿಗೂ ನಮ್ನ ಕಾಪಾಡ್ತಿದೆ ಸಾರ್. ಆದ್ರೆ ಈಗ ನಾವು ಹುಷಾರು, ನಂಬರ್ ಲೈಟಾಗಿ ಹೊಡೀತೀವಿ, ಉಜ್ಜಿದ್ರೂ ದಪ್ಪ ಕಮ್ಮಿ ಆಗಲ್ಲ" ಎಂದರು. ನಾನು ಬೆರಳು ಮಡಚಿ ಎಣಿಸಿದ ಮೂರರಲ್ಲಿ ಒಂದೂ ಅವರಿಗೆ ನೆನಪಿರಲಾರದು. ಇದು ಮಾತ್ರ ಪಾಠವಾಗಿ ಉಳಿದಿದೆ, ತಿದ್ದುಪಡಿಯ ಸಮೇತ.

ಹೊರಗೆ ಬಂದರೆ ಗೇಟಿನ ಹತ್ತಿರ ಒಬ್ಬ ಕಾಲಿಗೆ ನಮಸ್ಕಾರ ಮಾಡಿದ. ಆ ಸೆಕೆಂಡ್ ಶಿಫ್ಟಿನ ವಿದ್ಯಾರ್ಥಿ. ಈಗ ಆಪರೇಟರ್ ಆಗಿದ್ದಾನೆ. ಆರು ತಿಂಗಳ ನಂತರ ಮತ್ತೆ ಕೂತು ಪಾಸಾದನಂತೆ.

"ಮೇಡಂ ಹೇಳ್ಕೊಟ್ರು ಸಾರ್. ಕೆಲ್ಸ ಹೋದ್ಮೇಲೂ, ಊರಿಗೆ ಹೋಗೋ ತನಕ ಎಂಟು ಭಾನುವಾರ ಅವ್ರ ರೂಮ್ ಹತ್ರಾನೇ ಕೂರ್ಸಿ ಹೇಳ್ಕೊಟ್ರು."

"ಊರಿಗೆ ಹೋದ್ರಾ?"

"ಹೋಗಿದ್ರು ಸಾರ್. ತಂಗಿ ಓದು ಅಲ್ಲಿಗೇ ನಿಂತೋಯ್ತಂತೆ, ಮದ್ವೆ ಮಾಡ್ಬಿಟ್ರಂತೆ. ಮೇಡಂ ಒಬ್ರೇ ವಾಪಸ್ ಬಂದ್ರು. ಪೀಣ್ಯದಲ್ಲಿ ಕ್ವಾಲಿಟಿ ಸೆಕ್ಷನ್‌ನಲ್ಲಿದ್ದಾರೆ ಈಗ. ಬನ್ನಿ ಸಾರ್ ಒಂದಿನ, ಕರ್ಕೊಂಡ್ ಹೋಗ್ತೀನಿ. ನಿಮ್ನ ನೋಡಿದ್ರೆ ಖುಷಿ ಪಡ್ತಾರೆ."

ಇವನಿಗೆ ಏನೂ ಗೊತ್ತಿಲ್ಲ. ಎಂಟು ಭಾನುವಾರ ಎದುರು ಕೂತರೂ ಅವರು ನನ್ನ ಹೆಸರು ಎತ್ತಿರಲಿಲ್ಲ.

ನಾಗಸಂದ್ರದಿಂದ ಅಲ್ಲಿಗೆ ಮೆಟ್ರೋದಲ್ಲಿ ಹತ್ತು ನಿಮಿಷ. ಒಂದು ತಿಂಗಳಾಯಿತು, ಎರಡು ಸಲ ಹತ್ತಿದ್ದೇನೆ, ಎರಡು ಸಲವೂ ಇಳಿಯದೆ ಮುಂದಕ್ಕೆ ಹೋಗಿ ತಿರುಗಿ ಬಂದಿದ್ದೇನೆ. ಹಾಗಾಗಿ ಸಭೆಯಲ್ಲಿ ಕೇಳಿದ ಪ್ರಶ್ನೆಗೆ ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ಆ ತುಂಡನ್ನು ಉಜ್ಜಿದ್ದು ನಾನು. ಎಲ್ಲರ ಮುಂದೆ ಯಾರ ಪರವಾಗಿ ಕ್ಷಮೆ ಕೇಳಿದೆನೋ ಅವರಲ್ಲಿ ಇವತ್ತಿನವರೆಗೂ ಕೇಳಿಲ್ಲ. ಅವರು ಸಿಂದಗಿ ಕಡೆಯಿಂದ ಬಂದು, ಮಾಕಳಿಯಲ್ಲಿ ತಂಗಿಯ ಜೊತೆ ಇದ್ದ, ನಮ್ಮ ಫಿಟ್ಟರ್ ಮೇಡಂ.