ಕಿಲೋ ಲೆಕ್ಕದ ಹೂವು

ನನ್ನ ತಮ್ಮ ಇಸ್ರಾರನ ಬಾಯಿಗೆ ಅವತ್ತು ಬೀಗ ಜಡಿಯಬೇಕಿತ್ತು. ಈಗ ಗೋಳಾಡಿ ಏನು ಬಂತು?

ಮೊರಾದಾಬಾದಿನ ನಮ್ಮ ಗಲ್ಲಿಯಲ್ಲಿ ಎಲ್ಲರದೂ ಹಿತ್ತಾಳೆ ಕೆಲಸ. ಇಸ್ರಾರ್ ಮೀಸೆ ಮೂಡುವ ಮೊದಲೇ ಪಾಲಿಶ್ ಚಕ್ರದ ಮುಂದೆ ಕೂತವನು. ಸಂಜೆ ಮನೆಗೆ ಬಂದರೆ ಮುಖವೆಲ್ಲ ಮಸಿ, ಹಲ್ಲು ಮಾತ್ರ ಬಿಳಿ. ಒಂದು ಚಳಿಗಾಲ ಕೆಮ್ಮಿದಾಗ ರಕ್ತ ಬಂತು. ಡಾಕ್ಟರಮ್ಮ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, "ಮತ್ತೆ ಆ ಧೂಳಲ್ಲಿ ಕೂತರೆ ನೀನು ಉಳಿಯಲ್ಲ" ಎಂದುಬಿಟ್ಟರು.

ಆಮೇಲೆ ಅವನು ಉಸ್ತಾದ್ ತಸವ್ವುರರ ಹತ್ತಿರ ಕೆತ್ತನೆ ಕಲಿತ. ಕೈಯಲ್ಲಿ ಕಲೆ ಇತ್ತು, ಸುಳ್ಳು ಯಾಕೆ ಹೇಳಲಿ? ಕೆತ್ತಿದ ಗೆರೆಗೆ ಬಣ್ಣದ ಅರಗು ತುಂಬುವುದು ನನ್ನ ಕಸುಬು. ಅವನು ಕೆತ್ತುವಂಥ ಹೂವಿನ ಎಸಳುಗಳನ್ನು ನಾನು ಗಲ್ಲಿಯಲ್ಲೇ ಕಂಡಿರಲಿಲ್ಲ.

"ಆಪಾ, ಸ್ವಂತಕ್ಕೆ ಒಂದು ಕೆಲಸ ಸಿಗಲಿ. ಆ ಚಕ್ರದ ಕಡೆ ತಲೆ ಹಾಕಿಯೂ ಮಲಗಲ್ಲ" ಎಂದು ಅಕ್ಕನಾದ ನನಗೆ ಹೇಳುತ್ತಿದ್ದ.

ಸಿಕ್ಕಿತು. ವ್ಯಾಪಾರಿ ಹಾಜಿ ಮುಖ್ತಾರ್ ಮನೆಗೇ ಬಂದರು. ಹೂಜಿಗಳಿಗೆ ಕುತ್ತಿಗೆಯಿಂದ ಬುಡದವರೆಗೆ ಹೂಬಳ್ಳಿ ಬೇಕು, ನಮೂನೆಯೂ ಅವನದೇ ಆಗಬೇಕು ಎಂದರು.

"ಏನು ತಗೋತೀಯಪ್ಪಾ?"

ಕೆತ್ತನೆಗೆ ಹೂವಿನ ಲೆಕ್ಕದಲ್ಲಿ ದುಡ್ಡು. ಎಸಳು ಸಣ್ಣದಾದಷ್ಟೂ ಜಾಸ್ತಿ. ತೂಕದ ಲೆಕ್ಕ ಪಾಲಿಶಿನವರದು. ಇವನೋ, ಹುಟ್ಟಿದಾಗಿನಿಂದ ತಕ್ಕಡಿಯ ಮುಂದೆಯೇ ಕೂಲಿ ಇಸಿದುಕೊಂಡವನು. ಒಳಗಿದ್ದ ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

"ಕಿಲೋಗೆ ನಾನೂರು ಕೊಡಿ, ಹಾಜಿ ಸಾಬ್" ಎಂದ. ಪಾಲಿಶಿನ ಹತ್ತರಷ್ಟು ಕೇಳಿದೆನೆಂಬ ಜಂಭ ಬೇರೆ!

ನಾನು ಪರದೆ ಸರಿಸುವಷ್ಟರಲ್ಲಿ ಹಾಜಿ ಕೈ ಕುಲುಕಿ ಆಗಿತ್ತು. ಆ ಮನುಷ್ಯ ಚೌಕಾಸಿ ಮಾಡದೆ ಎದ್ದದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಮಾಲು ಬಂತು. ಆಳೆತ್ತರದ ಹೂಜಿಗಳಲ್ಲ, ಆದರೂ ಮೊಣಕಾಲಿನವರೆಗೆ ಬರುತ್ತಿದ್ದವು. ಎತ್ತಿದರೆ ಹಪ್ಪಳದ ಹಾಗೆ ಹಗುರ. ಮೂರು ಸೇರಿದರೂ ಕಿಲೋ ಆಗುತ್ತಿರಲಿಲ್ಲ. ಒಂದೊಂದಕ್ಕೂ ದಿನಗಟ್ಟಲೆ ಕೆಲಸ.

ಸುದ್ದಿ ಕೇಳಿ ಉಸ್ತಾದ್ ಓಡಿ ಬಂದರು. "ಹೂವನ್ನ ತಕ್ಕಡಿಗೆ ಹಾಕೋರುಂಟೇನೋ, ದಡ್ಡ ಮುಂಡೇದೆ? ನಾಳೆ ಹಾಜಿ ನಮಗೂ ಇದೇ ರೇಟು ಅಂತಾನೆ. ನೀನು ಮುಳುಗೋದಲ್ದೆ ನಮ್ಮನ್ನೂ ಮುಳುಗಿಸ್ತೀಯಾ?"

"ಮಾತು ಕೊಟ್ಟುಬಿಟ್ಟಿದೀನಿ, ಉಸ್ತಾದ್. ಕೆಲಸ ನೋಡಿದ ಮೇಲೆ ಅವರೇ ಜಾಸ್ತಿ ಕೊಡ್ತಾರೆ" ಎಂದ. ಅಯ್ಯೋ, ಅವನ ಆ ನಂಬಿಕೆ!

ಕೆತ್ತಿದ. ನಾನು ಹಸಿರು, ನೀಲಿ ಅರಗು ತುಂಬಿದೆ. ಇಬ್ಬರೂ ಹೊತ್ತುಕೊಂಡು ಹಾಜಿಯ ಗೋದಾಮಿಗೆ ಹೋದೆವು.

"ಸುಭಾನಲ್ಲಾ! ಎಂಥ ಕೈ ಕಣೋ ನಿಂದು!" ಎಂದು ಹಾಜಿ ಹೂಜಿಗೆ ಮುತ್ತಿಟ್ಟರು. ಮುತ್ತಿಟ್ಟು ತಕ್ಕಡಿಗೆ ಹಾಕಿದರು. ಉಳಿಯಲ್ಲಿ ಉದುರಿಹೋದ ಹಿತ್ತಾಳೆ ಪುಡಿಯೂ ಲೆಕ್ಕದಿಂದ ಹೋಯಿತು.

ಇಸ್ರಾರ್ ಅವರ ಕಾಲು ಹಿಡಿದ. "ಹಾಜಿ ಸಾಬ್, ಹೊಸಬ, ತಿಳೀಲಿಲ್ಲ. ಹೂವಿನ ಲೆಕ್ಕಕ್ಕೆ ಕೊಡಿ. ಮತ್ತೆ ಚಕ್ರಕ್ಕೆ ಕೂತರೆ ಸತ್ತೋಗ್ತೀನಿ."

"ಬೆಲೆ ಹೇಳಿದ್ದು ನಾನಾ, ನೀನಾ?"

"ಅಲ್ಲಾಹ್ ನೋಡ್ತಿದಾನೆ, ಹಾಜಿ ಸಾಬ್!" ಎಂದು ನಾನು ಕಿರುಚಿದೆ.

"ನೋಡ್ಲಿ ತಾಯಿ. ತಕ್ಕಡೀಲಿ ಏನಾದ್ರೂ ಮೋಸ ಇದೆಯಾ?" ಎಂದರು. ಮೋಸ ಇರಲಿಲ್ಲ.

ಇದೇ ರೇಟಿಗೆ ಮತ್ತೆ ಕೆತ್ತಿದರೆ ಗಲ್ಲಿಯವರ ಅನ್ನಕ್ಕೆ ಕಲ್ಲು. ಹೂವಿನ ಲೆಕ್ಕಕ್ಕೆ ಇವನನ್ನು ಕರೆಯುವವರು ಯಾರೂ ಇಲ್ಲ. ಕಿಲೋ ಇಸ್ರಾರ್ ಎಂದು ಹೆಸರು ಬಿದ್ದಾಗಿತ್ತು. ಮನೆಯಲ್ಲಿ ಹಿಟ್ಟು ತೀರಿತು. ಅವನು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹಳೆಯ ಕಾರ್ಖಾನೆಗೆ ಹೋದ. ನಾನು ಬಾಗಿಲಿಗೆ ಅಡ್ಡ ನಿಂತೆ, ಬೈದೆ, ಅತ್ತೆ. ನನ್ನ ಪಕ್ಕದಿಂದ ನುಸುಳಿ ಹೋದ.

ಮೊನ್ನೆ ಮಧ್ಯಾಹ್ನ ರೊಟ್ಟಿ ಒಯ್ದಾಗ ಅವನ ಮಡಿಲಲ್ಲಿ ನಮ್ಮದೇ ಹೂಜಿ ಇತ್ತು. ಕೊನೆಯ ಮೆರುಗಿಗೆಂದು ಹಾಜಿ ಎಲ್ಲವನ್ನೂ ಅಲ್ಲಿಗೇ ಕಳಿಸಿದ್ದರು. ಉಳಿದವರು ಬುಟ್ಟಿ ತುಂಬಿಸಿ ತೂಕಕ್ಕೆ ಓಡುತ್ತಿದ್ದರು. ಇವನು ಒಂದನ್ನೇ ಹಿಡಿದು ಚಕ್ರಕ್ಕೆ ಮೆಲ್ಲಗೆ ತಾಗಿಸುತ್ತಿದ್ದ.

"ಬೇಗ ಮುಗಿಸಿ ಹೊರಗೆ ಬಾರೋ, ಧೂಳು ಕುಡೀತಾ ಕೂತಿದೀಯಲ್ಲೋ!" ಎಂದೆ.

ಮುಖದ ಬಟ್ಟೆ ಕೆಳಗೆ ಸರಿಸಿದ. "ಜೋರಾಗಿ ಒತ್ತಿದ್ರೆ ಹೂವು ಅಳಿಸಿಹೋಗುತ್ತೆ, ಆಪಾ."

ಆ ಹೂಜಿಗಳಿಗೆ ನಾನು ತುಂಬಿದ್ದು ಹಸಿರು ಮತ್ತು ನೀಲಿ. ಅವನ ಬಾಯಿಗೆ ಕಟ್ಟಿದ್ದ ಬಟ್ಟೆಯ ಮೇಲೆ ಕೆಂಪು ಇತ್ತು.