ಬ್ರಾಕೆಟ್ಟಿನಲ್ಲಿ ಉಳಿದ ಅರ್ಧ ಬೋಲ್ಟು

ಮಣಿಪಾಲದ ಏರಿನಲ್ಲಿ ನಮ್ಮ ಕಾರು ಕಿರುಚಿಕೊಂಡಾಗ ನಾನು ಡ್ರೈವ್ ಮಾಡುತ್ತಿದ್ದೆ. ಪಕ್ಕದ ಸೀಟಿನಲ್ಲಿ ನನ್ನ ಗಂಡ ಬಲಗೈಯಲ್ಲಿ ರಬ್ಬರ್ ಚೆಂಡು ಹಿಡಿದು ಕಿಟಕಿಯ ಹೊರಗೆ ನೋಡುತ್ತಾ ಕುಳಿತಿದ್ದರು.

"ಬೆಲ್ಟು ಜಾರುತ್ತಾ ಉಂಟು," ಎಂದರು. ಕುಕ್ಕುಂದೂರಿನ ಮನೆಯಿಂದ ಹೊರಟ ಮೇಲೆ ಅವರು ಆಡಿದ ಮೊದಲ ಮಾತು ಅದು.

ಅವರು ಬಹಳ ವರ್ಷ ಗಲ್ಫಿನ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ಎತ್ತುತ್ತಿದ್ದ ಗೇರ್‌ಬಾಕ್ಸ್ ಜಾರಿ ಬಲಗೈಯ ಮಣಿಕಟ್ಟಿನ ಮೇಲೆ ಬಿತ್ತು. ಆಪರೇಷನ್ ಆಯಿತು, ಗಾಯ ಮಾಯಿತು, ಆದರೆ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ತುದಿಗಳಲ್ಲಿ ಸ್ಪರ್ಶವೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಊರಿಗೆ ಮರಳಿದವರು ತಮ್ಮ ರಿಪೇರಿ ಸಾಮಾನಿನ ಪೆಟ್ಟಿಗೆಯನ್ನು ಮಂಚದಡಿಗೆ ತಳ್ಳಿ ಸುಮ್ಮನಾದರು. ಕಾರ್ಕಳ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿಯಿದೆ. ಮೊದಲೆಲ್ಲ ರಜೆಯಲ್ಲಿ ಬಂದಾಗ ನನ್ನ ಮೆಷಿನ್ನುಗಳನ್ನು ಬಿಚ್ಚಿ ಎಣ್ಣೆ ಹಾಕದೆ ವಾಪಸು ಹೋಗುತ್ತಿರಲಿಲ್ಲ. ಈಗ ಮೆಷಿನ್ನು ಎಷ್ಟೇ ಸದ್ದು ಮಾಡಲಿ, ತಿರುಗಿ ನೋಡುತ್ತಿರಲಿಲ್ಲ. ಅವರನ್ನು ಮಣಿಪಾಲದ ಆಸ್ಪತ್ರೆಗೆ ಕೈಯ ವ್ಯಾಯಾಮಕ್ಕೆ ಕರೆದೊಯ್ಯಲೆಂದೇ ನಾನು ಕಾರು ಕಲಿತೆ. ಕಾರು ನನ್ನ ತಮ್ಮನದು. ಹೂಡೆಯಲ್ಲಿ ಅವನ ಮನೆಯಂಗಳದಲ್ಲಿ ಉಪ್ಪು ಗಾಳಿಗೆ ನಿಂತು ನಿಂತು ಹಳತಾಗಿದ್ದುದನ್ನು ನಮಗೆ ಬಿಟ್ಟುಕೊಟ್ಟಿದ್ದ.

ಅಂದಿನ ವ್ಯಾಯಾಮ ಮುಗಿಸಿ, ಇಳಿಜಾರಿನಲ್ಲಿ ನಿಧಾನವಾಗಿ ಇಳಿಸಿಕೊಂಡು ಆದಿ ಉಡುಪಿಯ ಒಂದು ಗ್ಯಾರೇಜಿಗೆ ಕಾರನ್ನು ಮುಟ್ಟಿಸಿದೆ. ಅಲ್ಲಿನವರು ಬಾನೆಟ್ ಎತ್ತಿ ನೋಡಿ, ಬೆಲ್ಟಿನಿಂದ ತಿರುಗಿ ಬ್ಯಾಟರಿಗೆ ಕರೆಂಟು ಕೊಡುವ ಆಲ್ಟರ್ನೇಟರನ್ನು ಹಿಡಿದಿರುವ ಬೋಲ್ಟು ತುಂಡಾಗಿದೆ ಎಂದರು. ಅರ್ಧ ಕೈಗೆ ಬಂತು. ಇನ್ನರ್ಧ ಆಲ್ಟರ್ನೇಟರ್ ಕೂರುವ ಬ್ರಾಕೆಟ್ಟಿನ ತೂತಿನೊಳಗೇ ಕಚ್ಚಿಕೊಂಡಿತ್ತು. ಅವರು ಬ್ರಾಕೆಟ್ಟನ್ನು ಬಿಚ್ಚಿ, ಸಾಕಷ್ಟು ಪ್ರಯತ್ನಪಟ್ಟು ಕೈಚೆಲ್ಲಿದರು.

"ಇದು ಬರುವ ಹಾಗೆ ಕಾಣುವುದಿಲ್ಲ ಅಕ್ಕ. ಈ ಮಾಡೆಲ್‌ನ ಬ್ರಾಕೆಟ್ ಈಗ ಹೊಸತು ಸಿಗುವುದೂ ಇಲ್ಲ. ಗುಜರಿಯಲ್ಲಿ ಹುಡುಕಬೇಕಷ್ಟೆ."

ನಾನು ಗಂಡನ ಮುಖ ನೋಡಿದೆ. ಅವರು ಎಡಗೈ ಚಾಚಿ, "ಅದನ್ನು ಇಲ್ಲಿ ಕೊಡಿ," ಎಂದರು.

ಕಾರನ್ನು ಅಲ್ಲೇ ಬಿಟ್ಟು, ಬ್ರಾಕೆಟ್ಟನ್ನು ನನ್ನ ಅಂಗಡಿಯ ಬಟ್ಟೆಚೀಲಕ್ಕೆ ಹಾಕಿಕೊಂಡು ಕಾರ್ಕಳದ ಬಸ್ಸು ಹತ್ತಿದೆವು. ಸೀಟು ಸಿಕ್ಕಿದ್ದೇ ಅವರು ಅದನ್ನು ಚೀಲದಿಂದ ತೆಗೆದರು. ತೂತಿಗೆ ಕಣ್ಣಿಟ್ಟು ನೋಡಿದರು, ಕಿಟಕಿಯ ಬೆಳಕಿಗೆ ಓರೆ ಮಾಡಿ ನೋಡಿದರು. ಹಿಂದಿನ ಸೀಟಿನವರು ಇಣುಕುತ್ತಿದ್ದುದೂ ಅವರಿಗೆ ಗೊತ್ತಾಗಲಿಲ್ಲ. ಹಿರಿಯಡ್ಕ ದಾಟಿದ ಮೇಲೆ ನನ್ನ ಕಡೆ ತಿರುಗಿ, "ನಾಳೆ ಅಂಗಡಿಗೆ ರಜೆ ಮಾಡ್ತೀಯಾ? ಕಾಪುವಿಗೆ ಹೋಗುವ," ಎಂದರು. ಎಲ್ಲಿಗಾದರೂ ಹೋಗೋಣ ಎಂದು ಅವರು ತಾವಾಗಿ ಹೇಳಿ ಎಷ್ಟು ಕಾಲವಾಗಿತ್ತೋ! ಮದುವೆಯೊಂದರ ರವಿಕೆಗಳು ಬಾಕಿ ಇದ್ದವು. ಆದರೂ ಕೂಡಲೇ ಹೂಂ ಎಂದೆ.

ಕಾಪುವಿನಲ್ಲಿ ಹೆದ್ದಾರಿಯ ಪಕ್ಕ ಅವರ ಗೆಳೆಯರೊಬ್ಬರ ವರ್ಕ್‌ಶಾಪ್ ಇತ್ತು. ಬ್ಯಾರಿ ಭಾಷೆಯಾಡುವ ಮನೆತನದವರು, ಗಲ್ಫಿನಲ್ಲಿ ಇವರಿಬ್ಬರೂ ಒಂದೇ ಗ್ಯಾರೇಜಿನಲ್ಲಿ ದುಡಿದವರು, ಒಂದೇ ಕೋಣೆಯಲ್ಲಿ ಅಡುಗೆ ಮಾಡಿ ಉಂಡವರು. ಅಪಘಾತದ ನಂತರ ಆ ಗೆಳೆಯರು ಎಷ್ಟು ಸಲ ಫೋನ್ ಮಾಡಿದರೂ ಇವರು ಎತ್ತುತ್ತಿರಲಿಲ್ಲ. ನಮ್ಮನ್ನು ಬಾಗಿಲಲ್ಲಿ ಕಂಡು ಆ ಮನುಷ್ಯ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದರು.

"ಎಂತ ಮಾರಾಯ, ಸತ್ತಿದ್ದೀಯೋ ಬದುಕಿದ್ದೀಯೋ ಗೊತ್ತಾಗುವುದಾದರೂ ಬೇಡ್ವಾ!"

ಇವರು ಬ್ರಾಕೆಟ್ಟನ್ನು ಮುಂದೆ ಹಿಡಿದರು. ಗೆಳೆಯರು ಬೈಗುಳವನ್ನು ಅರ್ಧಕ್ಕೇ ನಿಲ್ಲಿಸಿ ಅದನ್ನು ತಿರುಗಿಸಿ ನೋಡಿದರು. "ಅಲ್ಯೂಮಿನಿಯಂ. ತುಂಡಿಗೆ ನಟ್ ವೆಲ್ಡ್ ಮಾಡಿ ತಿರುಗಿಸುವ ಅಂದರೆ ಬ್ರಾಕೆಟ್ಟೇ ಕರಗಿ ಹೋದೀತು."

"ಅದಕ್ಕೇ ಬಂದದ್ದು. ಉಲ್ಟಾ ಬಿಟ್ ಉಂಟಲ್ಲ ನಿನ್ನ ಹತ್ತಿರ?"

ಸಾಮಾನ್ಯ ಡ್ರಿಲ್ ಬಿಟ್ ಬೋಲ್ಟನ್ನು ಬಿಗಿಯುವ ದಿಕ್ಕಿಗೆ ತಿರುಗಿ ಕೊರೆಯುತ್ತದೆ. ಉಲ್ಟಾ ಬಿಟ್ ಸಡಿಲಿಸುವ ದಿಕ್ಕಿಗೆ ತಿರುಗುತ್ತದೆ. ಅದೃಷ್ಟವಿದ್ದರೆ ಕೊರೆಯುತ್ತಲೇ ತುಂಡನ್ನೂ ಹಿಡಿದು ಹೊರಗೆ ತರುತ್ತದೆ. ಇದನ್ನು ನನ್ನ ಗಂಡ ನನಗೆ ವಿವರಿಸಿ ಹೇಳಿದರು. ನಾನು ಅರ್ಥವಾಗಲಿ ಬಿಡಲಿ ತಲೆಯಾಡಿಸಿದೆ. ನನಗೆ ಬೇಕಾಗಿದ್ದದ್ದು ಅವರ ದನಿ.

ಮೊದಲು ತುಂಡಿನ ನಡುವೆ ಒಂದು ಚುಕ್ಕೆ ಹೊಡೆಯಬೇಕಿತ್ತು. ಚುಕ್ಕೆ ಪಕ್ಕಕ್ಕೆ ಸರಿದರೆ ಬಿಟ್ ಜಾರಿ ತೂತಿನೊಳಗಿನ ಥ್ರೆಡ್ಡು, ಅಂದರೆ ಬೋಲ್ಟು ಕಚ್ಚುವ ಸುರುಳಿ ಗೆರೆ, ಹಾಳಾಗುತ್ತದೆ. ಅವರು ಮೊನೆಯುಳ್ಳ ಪಂಚನ್ನು ಬಲಗೈಯಲ್ಲಿ ಹಿಡಿದರು. ಮೊನೆ ಒಂದೆಡೆ ನಿಲ್ಲಲಿಲ್ಲ. ಇನ್ನೊಮ್ಮೆ ಹಿಡಿದರು, ಬೆರಳುಗಳಿಂದ ಜಾರಿ ಮೇಜಿನ ಮೇಲೆ ಬಿತ್ತು. ಗೆಳೆಯರು ಕೈ ಮುಂದೆ ಮಾಡಿದರು. ಇವರು ಆ ಕೈಯನ್ನು ನೋಡದೆ ನನ್ನನ್ನು ಕರೆದರು.

"ನೀನು ಹಿಡಿ. ನಡು ಎಲ್ಲಿ ಅಂತ ನಿನ್ನ ಕಣ್ಣಿಗೆ ಗೊತ್ತಾಗ್ತದೆ."

ನಾನು ಪಂಚಿನ ಮೊನೆಯನ್ನು ತೂತಿನೊಳಗೆ ಇಳಿಸಿ, ಆಚೀಚೆ ಸರಿಸಿ ನಡುವಿಗೆ ತಂದೆ. ಅವರು ಎಡಗೈಯಲ್ಲಿ ಸುತ್ತಿಗೆ ಎತ್ತಿದರು. ಎಡಗೈಯಲ್ಲಿ ಅವರು ಎಂದೂ ಸುತ್ತಿಗೆ ಹಿಡಿದವರಲ್ಲ. ಪಂಚು ಹಿಡಿದಿದ್ದ ನನ್ನ ಬೆರಳುಗಳನ್ನು ನೋಡಿದೆ. ಈ ಬೆರಳುಗಳಿಂದಲೇ ನಮ್ಮ ಮನೆ ನಡೆಯುತ್ತಿತ್ತು.

"ಹೆದರಿಕೆ ಆಗ್ತದಾ?" ಎಂದು ಕೇಳಿದರು.

"ಆಗ್ತದೆ. ನೀವು ಹೊಡೆಯಿರಿ."

ಹೊಡೆದರು. ಏಟು ಪಂಚಿನ ತಲೆಗೇ ಬಿತ್ತು. ಎರಡನೆಯ ಏಟು ಇನ್ನಷ್ಟು ಗಟ್ಟಿಯಾಗಿ ಬಿತ್ತು. ಗೆಳೆಯರು ಬಗ್ಗಿ ನೋಡಿ, "ಸರೀ ನಡುವಿಗೇ!" ಎಂದು ಕೂಗಿದರು.

ಆದರೆ ಕೆಲಸ ಅಷ್ಟು ಸುಲಭವಿರಲಿಲ್ಲ. ಸಣ್ಣ ಉಲ್ಟಾ ಬಿಟ್ಟಿನಲ್ಲಿ ಕೊರೆದರು, ತುಂಡು ಅಲುಗಲಿಲ್ಲ. ಆ ತೂತಿಗೆ ತುಂಡು ಎಳೆಯುವ ಸಾಧನವೊಂದನ್ನು ತುರುಕಿ ಗೆಳೆಯರು ತಿರುಗಿಸತೊಡಗಿದರು. ಉಕ್ಕು ಕಿರ್ ಎಂದಿತು. ಇವರು ತಟ್ಟನೆ, "ಸಾಕು, ನಿಲ್ಲಿಸು," ಎಂದರು. ಆ ಸಾಧನವೂ ಒಳಗೇ ಮುರಿದರೆ ಮತ್ತೆ ಯಾರಿಂದಲೂ ತೆಗೆಯಲಾಗುವುದಿಲ್ಲ. "ಉಪ್ಪು ಕಚ್ಚಿದೆ. ಬಿಸಿ ಮಾಡುವ. ಅಲ್ಯೂಮಿನಿಯಂ ಬೇಗ ಹಿಗ್ಗುತ್ತದೆ, ಬೋಲ್ಟಿಗೆ ಸ್ವಲ್ಪ ಜಾಗ ಸಿಗಲಿ."

ಗ್ಯಾಸಿನ ಉರಿಯನ್ನು ತೂತಿನ ಸುತ್ತ ಆಡಿಸಿದರು, ತಣಿಯಲು ಬಿಟ್ಟು ಎಣ್ಣೆ ಬಿಟ್ಟರು, ಪುನಃ ಬಿಸಿ ಮಾಡಿದರು. ನಡುವೆ ಪಕ್ಕದ ಹೋಟೆಲಿನಿಂದ ಚಹಾ ಮತ್ತು ಬನ್ಸ್ ಬಂತು. ಕಾಯುವ ಹೊತ್ತಿನಲ್ಲಿ ಇಬ್ಬರೂ ತಾವು ಗಲ್ಫಿನಲ್ಲಿ ಸುಟ್ಟು ಹಾಕಿದ ಅನ್ನದ ಕತೆ ಹೇಳಿ ನಕ್ಕರು. ನನ್ನ ಗಂಡ ನಗುವಾಗ ಭುಜ ಕುಲುಕಿಸುತ್ತಾರೆಂಬುದು ನನಗೆ ಮರೆತೇ ಹೋಗಿತ್ತು.

ಕೊನೆಗೆ ದೊಡ್ಡ ಉಲ್ಟಾ ಬಿಟ್ ಹಾಕಿ ಡ್ರಿಲ್ಲನ್ನು ಅವರೇ ಎತ್ತಿಕೊಂಡರು. ಎಡಗೈಯಲ್ಲಿ ಅದರ ಹಿಡಿಕೆ ಹಿಡಿದು, ಹಿಂಬದಿಗೆ ಬಲಗೈಯ ಅಂಗೈ ಕೊಟ್ಟು ಒತ್ತಿದರು. ಬೆರಳು ಮಡಚದಿದ್ದರೇನು, ಅಂಗೈಯಲ್ಲಿ ಬಲವಿತ್ತು. ನಾನು ಎಣ್ಣೆ ಹನಿಸುತ್ತಾ ನಿಂತೆ. ಡ್ರಿಲ್ ನಿಧಾನವಾಗಿ ಸುತ್ತಿತು, ಹೊಗೆ ಎದ್ದಿತು. ಒಮ್ಮೆಲೇ ಸದ್ದು ಬದಲಾಯಿತು.

"ಕಚ್ಚಿತು!" ಎಂದರು ಅವರು.

ಮಣ್ಣಿನಿಂದ ಎರೆಹುಳ ಬರುವಂತೆ ಆ ತುಕ್ಕುಹಿಡಿದ ತುಂಡು ಸುತ್ತುತ್ತಾ ಸುತ್ತುತ್ತಾ ಹೊರಗೆ ಬಂತು. ಗೆಳೆಯರು ಅದನ್ನು ಇಕ್ಕಳದಲ್ಲಿ ಎತ್ತಿ ಹಿಡಿದು ಬ್ಯಾರಿಯಲ್ಲಿ ಏನೋ ಕೂಗಿದರು. ಅದರ ಅರ್ಥವನ್ನು ನನ್ನ ಗಂಡ ಇಂದಿಗೂ ಹೇಳಿಲ್ಲ. ತೂತಿನ ಥ್ರೆಡ್ಡು ಚೂರೂ ಹಾಳಾಗಿರಲಿಲ್ಲ. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಕಣ್ಣು ಒದ್ದೆಯಾಗಿತ್ತು. ಹೊಗೆ ಎಂದೆ.

ಮರುದಿನ ಆದಿ ಉಡುಪಿಯ ಗ್ಯಾರೇಜಿನವರು ಬ್ರಾಕೆಟ್ಟನ್ನು ನೋಡಿ ಸಂತೋಷಪಟ್ಟರು. ಹೊಸ ಬೋಲ್ಟನ್ನು ತಾನೇ ಹಾಕುತ್ತೇನೆಂದು ನನ್ನ ಗಂಡ ಕೇಳಿಕೊಂಡಾಗ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಇವರು ಬೋಲ್ಟನ್ನು ಬಲಗೈಯ ಬೆರಳುಗಳಲ್ಲೇ ತಿರುಗಿಸಲು ನೋಡಿದರು. ಬೋಲ್ಟು ಕೆಳಗೆ ಬಿತ್ತು, ಹೆಕ್ಕಿಕೊಟ್ಟೆ. ಮತ್ತೆ ಬಿತ್ತು. ಆಮೇಲೆ ಥ್ರೆಡ್ಡಿಗೆ ಥ್ರೆಡ್ಡು ಸೇರಿತು. ಪೂರ್ತಿ ಬಿಗಿಯಲು ಎಡಗೈಯೇ ಬೇಕಾಯಿತು, ಅದು ನಿಜ. ಅವರ ಬಲಗೈ ಮೊದಲಿನಂತೆ ಆಗಿಲ್ಲ. ಆಗುತ್ತದೆಂದು ವೈದ್ಯರೂ ಹೇಳಿಲ್ಲ.

ಈಗ ಅವರು ವಾರದಲ್ಲಿ ಕೆಲವು ದಿನ ಬಸ್ಸು ಹಿಡಿದು ಕಾಪುವಿಗೆ ಹೋಗುತ್ತಾರೆ. ಇಂಜಿನ್ನಿನ ಸದ್ದು ಕೇಳಿ ರೋಗ ಹೇಳುವುದು ಅವರ ಕೆಲಸ, ಭಾರ ಎತ್ತುವುದು ಗೆಳೆಯರದು. ಮೊನ್ನೆ ಮಣಿಪಾಲದ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ, "ಎಲ್ಲಿ ನಿಮ್ಮವರು?" ಎಂದು ಕೇಳಿದಳು. ಕೆಳಗೆ ಪಾರ್ಕಿಂಗಿನಲ್ಲಿ ಯಾರದೋ ಕಾರು ಸ್ಟಾರ್ಟ್ ಆಗುತ್ತಿಲ್ಲವೆಂದು ಬಾನೆಟ್ಟಿನೊಳಗೆ ಕೈ ಹಾಕಿ ನಿಂತಿದ್ದಾರೆ, ಕರೆದರೂ ಬರುತ್ತಿಲ್ಲ ಎಂದೆ. ಅವಳು ಕಿಟಕಿಯಿಂದ ಬಗ್ಗಿ ನೋಡಿದಳು.

"ಬಲಗೈಯಲ್ಲೇ ಅಲ್ವಾ? ಇರಲಿ ಬಿಡಿ ಆಂಟಿ," ಎಂದಳು. "ಇವತ್ತಿನ ವ್ಯಾಯಾಮ ಅಲ್ಲೇ ಆಗಲಿ."