ಪರದೆಯ ಹಿಂದಿನ ಸೊಲ್ಲು

ಗುರುಪುರದ ಸುಕನ್ಯ ಮೂರು ವರ್ಷ ಇದ್ದು ಬಂದ ದೇಶದ ಹೆಸರು ಊರಿನಲ್ಲಿ ಯಾರ ನಾಲಿಗೆಗೂ ಹತ್ತಲಿಲ್ಲ. ಅವಳ ಅವ್ವ ಕೆಂಪಾಜಮ್ಮ ಅದನ್ನು ‘ಚಿಕ್ಕ ದೇಶ’ ಎಂದು ಕರೆದಳು. ಉಳಿದವರೂ ಹಾಗೇ ಕರೆದರು. ಯೂರೋಪಿನ ಬೆಟ್ಟಗಳ ಸಂದಿಯಲ್ಲಿರುವ ಆ ದೇಶದ ಒಟ್ಟು ಜನ ಹುಣಸೂರು ಪಟ್ಟಣದ ಜನಕ್ಕಿಂತ ಕಡಿಮೆ. ಬೆಳಿಗ್ಗೆ ಒಂದು ತುದಿಯಿಂದ ನಡೆಯಲು ಹೊರಟರೆ ಊಟದ ಹೊತ್ತಿಗೆ ಇನ್ನೊಂದು ತುದಿ ಸಿಗುತ್ತದೆ.

“ಅದ್ಯಾವ ಸೀಮೆ ದೇಸ ಕಣವ್ವ, ನಮ್ ಹೋಬ್ಳಿನೇ ಅದ್ಕಿಂತ ದೊಡ್ದು,” ಎಂದು ಪಕ್ಕದ ಮನೆಯ ಸಾಕಮ್ಮ ನಕ್ಕಿದ್ದಳು. “ಅಲ್ಲಿ ರಾಜ ಅಂತ ಇದ್ರೆ ಅವ್ನೇ ಬಂದು ಡೈರಿಗೆ ಹಾಲು ಹಾಕ್ಬೇಕೇನೋ.”

ಸುಕನ್ಯ ಅಲ್ಲಿಗೆ ಹೋದದ್ದು ಹೋಂ ನರ್ಸ್ ಆಗಿ. ಗಂಡ ಪಿರಿಯಾಪಟ್ಟಣದಲ್ಲಿ ಬೇರೆ ಸಂಸಾರ ಹೂಡಿದ ಮೇಲೆ ಅವಳು ಮಗಳು ಚಿನ್ನುವನ್ನು ಕರೆದುಕೊಂಡು ತವರಿಗೆ ಬಂದಳು. ಮೈಸೂರಿನಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ ಕಲಿತಳು. ಅಲ್ಲಿ ಜೊತೆಗಿದ್ದ ವಯನಾಡಿನ ಹೆಂಗಸೊಬ್ಬಳು ಮೊದಲು ಆ ದೇಶಕ್ಕೆ ಹೋಗಿ, ಆಮೇಲೆ ಇವಳನ್ನೂ ಕರೆಸಿಕೊಂಡಳು. ಹೊರಟಾಗ ಚಿನ್ನುವಿಗೆ ಏಳು ವರ್ಷ. ಮಗಳನ್ನೂ ಅಲ್ಲಿಗೆ ಕರೆಸಿಕೊಳ್ಳಬೇಕು, ಜೊತೆಗಿಟ್ಟುಕೊಂಡು ಓದಿಸಬೇಕು. ಹೊರಡುವಾಗ ಸುಕನ್ಯಳಿಗೆ ಇದ್ದ ಯೋಚನೆ ಇದೊಂದೇ.

ಅದು ಸುಲಭವಾಗಿರಲಿಲ್ಲ. ಮನೆಗೆಲಸಕ್ಕೆ, ಆರೈಕೆಗೆ ಬಂದವರು ಮಕ್ಕಳನ್ನು ಕರೆತರುವಂತಿಲ್ಲ ಎಂಬುದು ಆ ದೇಶದ ಕಾನೂನು. ಸರ್ಕಾರ ವಿಶೇಷ ಅನುಮತಿ ಕೊಟ್ಟರೆ ಆ ಮಾತು ಬೇರೆ.

ಕೆಂಪಾಜಮ್ಮ ಸೋಬಾನೆ ಪದ ಹೇಳುವವಳು. ಗುರುಪುರದ ಸುತ್ತ ಯಾರ ಮನೆಯಲ್ಲಿ ಅರಿಶಿನ, ಧಾರೆ ನಡೆದರೂ ಅವಳಿಗೆ ಕರೆ ಬರುತ್ತಿತ್ತು. ಅವಳು ಸೊಲ್ಲು ಎತ್ತುತ್ತಾಳೆ, ಸುತ್ತ ಕೂತ ಹೆಂಗಸರು ಅದನ್ನೇ ತಿರುಗಿ ಹೇಳುತ್ತಾರೆ. ಆ ಮೇಳದಲ್ಲಿ ಒಂದು ಕಟ್ಟುನಿಟ್ಟಿತ್ತು: ಧಾರೆಯ ಪದ ಶುರುವಾದ ಮೇಲೆ ಮಂಗಳದವರೆಗೆ ನಡುವೆ ಎಲ್ಲೂ ತುಂಡಾಗಕೂಡದು, ತುಂಡಾದರೆ ಹೆಣ್ಣಿಗೆ ಒಳ್ಳೆಯದಲ್ಲ. ಮುಂದೆ ಹೇಳುವವಳಿಗೆ ಕೆಮ್ಮು ಬಂದರೆ, ಉಸಿರು ಕಟ್ಟಿದರೆ, ಮಾತು ಮರೆತರೆ, ಪಕ್ಕದಲ್ಲಿ ಕೂತವಳು ಸೊಲ್ಲನ್ನು ಹಿಡಿದುಕೊಂಡು ಮುಂದೆ ನಡೆಸಬೇಕು. ಚಿಕ್ಕಂದಿನಿಂದ ಅವ್ವನ ಎಡಕ್ಕೆ ಕೂರುತ್ತಿದ್ದವಳು ಸುಕನ್ಯ. ಅವ್ವನ ಭುಜ ಏರುವ ರೀತಿ ನೋಡಿಯೇ ಉಸಿರು ಎಲ್ಲಿ ಮುಗಿಯುತ್ತದೆ ಎಂದು ತಿಳಿಯುತ್ತಿದ್ದಳು. ಅವಳು ಎಲ್ಲಿ ಕೈಹಾಕಿದಳು ಎಂಬುದು ಮದುವೆಮನೆಯ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಚಿಕ್ಕ ದೇಶದಲ್ಲಿ ಅವಳು ನೋಡಿಕೊಳ್ಳುತ್ತಿದ್ದ ಮುದುಕಿ ಒಂದು ಕಾಲಕ್ಕೆ ಚರ್ಚಿನಲ್ಲಿ ಹಾಡು ಕಲಿಸುತ್ತಿದ್ದವಳು. ಪಾರ್ಶ್ವವಾಯು ಹೊಡೆದು ಮಾತು ಹೋಗಿತ್ತು. ಬೆನ್ನು ಒರೆಸುವಾಗ, ತಲೆ ಬಾಚುವಾಗ ಸುಕನ್ಯ ಸೋಬಾನೆ ಗುನುಗಿದರೆ ಮುದುಕಿಯ ಸರಿಯಿದ್ದ ಕೈ ಹಾಸಿಗೆಯ ಮೇಲೆ ತಾಳ ಹಾಕುತ್ತಿತ್ತು. ಅದನ್ನು ಮುದುಕಿಯ ಮಗ ಒಂದು ದಿನ ಬಾಗಿಲಲ್ಲಿ ನಿಂತು ನೋಡಿದ. ಅವನು ಆ ದೇಶದ ಟಿವಿ ಕಚೇರಿಯಲ್ಲಿ ದೊಡ್ಡ ಕೆಲಸದಲ್ಲಿದ್ದ.

ಹಲವು ದೇಶಗಳು ತಲಾ ಒಂದು ಹಾಡು ಕಳುಹಿಸುವ ದೊಡ್ಡ ಸ್ಪರ್ಧೆಯೊಂದು ಯೂರೋಪಿನಲ್ಲಿ ಪ್ರತಿ ವರ್ಷ ನಡೆಯುತ್ತದೆ. ಹಾಡು ಮೂರು ನಿಮಿಷ ಮೀರುವಂತಿಲ್ಲ, ರೆಕಾರ್ಡ್ ಹಾಕದೆ ಅಲ್ಲೇ ನಿಂತು ಹಾಡಬೇಕು. ಜನ ಫೋನಿನಿಂದ ಮತ ಹಾಕುತ್ತಾರೆ, ತಮ್ಮ ದೇಶಕ್ಕೆ ತಾವೇ ಹಾಕುವಂತಿಲ್ಲ. ಚಿಕ್ಕ ದೇಶ ಅದುವರೆಗೆ ಒಮ್ಮೆಯೂ ಅದರಲ್ಲಿ ಹಾಡಿರಲಿಲ್ಲ. ಆ ವರ್ಷ ಮೊದಲ ಬಾರಿಗೆ ಹೊರಟಿತ್ತು. ಹಾಡುವವಳು ಬೇಕರಿಯವರ ಮಗಳು, ಹತ್ತೊಂಬತ್ತು ವರ್ಷದ ಹುಡುಗಿ. ಹಿಮ್ಮೇಳಕ್ಕೆ ನಾಲ್ಕು ಜನ ಬೇಕಿತ್ತು, ಮೂವರು ಸಿಕ್ಕಿದ್ದರು. ನಾಲ್ಕನೆಯವಳಿಗೆ ಗಂಟಲಿನ ಆಪರೇಷನ್ ಆಯಿತು. ಅಷ್ಟು ಎತ್ತರದ ದನಿಯವರು ಆ ದೇಶದಲ್ಲಿ ಇನ್ನೊಬ್ಬರು ಸಿಗಲಿಲ್ಲ.

“ನಮ್ಮಲ್ಲಿ ಜನವೇ ಸಾಲದು,” ಎಂದ ಮುದುಕಿಯ ಮಗ ಇಂಗ್ಲಿಷಿನಲ್ಲಿ. “ನೀನು ಬರುತ್ತೀಯಾ?”

“ನನ್ನ ಮಗಳಿಗೆ ಅನುಮತಿ ಕೊಡಿಸುತ್ತೀರಾ?”

“ನಮ್ಮ ದೇಶಕ್ಕಾಗಿ ಹಾಡಿದವಳ ಮಗಳನ್ನು ಯಾರು ಬೇಡ ಎನ್ನುತ್ತಾರೆ?”

ಅವನು ಹೇಳಿದ್ದು ಇಷ್ಟೇ. ಸುಕನ್ಯ ಆ ಸಂಜೆಯೇ ಊರಿಗೆ ಫೋನ್ ಮಾಡಿದಳು. ಅಣ್ಣ ಚೆಲುವರಾಜು ಚಿನ್ನುವನ್ನು ಮೈಸೂರಿಗೆ ಕರೆದೊಯ್ದು ಪಾಸ್‌ಪೋರ್ಟ್ ಮಾಡಿಸಿದ. ಫೋಟೊಕ್ಕೆಂದು ಹುಣಸೂರಿನಲ್ಲಿ ಹೊಸ ಫ್ರಾಕ್ ತೆಗೆದುಕೊಟ್ಟ. ಚಿನ್ನು ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು.

“ನಮ್ಮವ್ವ ಒಂದು ದೇಸಕ್ಕೇ ಹಾಡು ಹೇಳ್ತಾಳಂತೆ ಕಣ್ಲಾ ತೇಜಸ್.”

“ಅದ್ಕೆ ಅಲ್ಲಿ ಯಾರೂ ಇರಾಕಿಲ್ವಂತಾ?” ಎಂದ ತೇಜಸ್, ಸಾಕಮ್ಮನ ಮೊಮ್ಮಗ.

ಹಿಮ್ಮೇಳದವರು ವೇದಿಕೆಯ ಮೇಲೆ ಕಾಣಿಸುವಂತಿರಲಿಲ್ಲ. ಆ ಹುಡುಗಿ ಒಬ್ಬಳೇ ದೊಡ್ಡ ಬಯಲಲ್ಲಿ ನಿಂತಂತೆ ತೋರಬೇಕೆಂದು ನಾಲ್ವರನ್ನೂ ಕರಿ ಪರದೆಯ ಹಿಂದೆ ನಿಲ್ಲಿಸಿದ್ದರು. ಅವಳ ಬೆನ್ನೂ ಕಾಣದು, ಭುಜವೂ ಕಾಣದು. ಕಿವಿಗೆ ಸಿಕ್ಕಿಸಿದ ಸಣ್ಣ ಯಂತ್ರದಲ್ಲಿ ಅವಳ ದನಿಯೂ ಉಸಿರೂ ಕೇಳುತ್ತಿದ್ದವು. ಅಭ್ಯಾಸದ ದಿನಗಳಲ್ಲಿ ಸುಕನ್ಯ ಭಾಷೆ ಬಾರದ ಆ ಹಾಡನ್ನು ಪೂರ್ತಿ ಬಾಯಿಪಾಠ ಮಾಡಿಕೊಂಡಳು, ಹುಡುಗಿ ಹೇಳುವ ಸಾಲುಗಳನ್ನೂ ಸೇರಿಸಿ. ಉಳಿದ ಮೂವರು ತಮ್ಮ ಸಾಲುಗಳನ್ನಷ್ಟೇ ಕಲಿತಿದ್ದರು. ಕೆಂಪಾಜಮ್ಮನ ಮೇಳದಲ್ಲಿ ಎಲ್ಲರಿಗೂ ಪೂರ್ತಿ ಪದ ಬರಬೇಕಿತ್ತು. ಹಾಡು ಕಲಿಯುವುದು ಎಂದರೆ ಸುಕನ್ಯಳಿಗೆ ಅದೇ.

ಸ್ಪರ್ಧೆಯ ದಿನ ಮೊದಲ ಚರಣ ಚೆನ್ನಾಗಿಯೇ ಮುಗಿಯಿತು. ಎರಡನೆಯ ಚರಣಕ್ಕೆ ಮುಂಚೆ ಸಭಾಂಗಣದ ದೀಪಗಳೆಲ್ಲ ಒಮ್ಮೆಗೇ ಹೊತ್ತಿಕೊಂಡವು. ಮುಂದೆ ನಿಂತವಳಿಗೆ ಸಾವಿರಾರು ಮುಖಗಳು ಕಂಡವು. ಹುಡುಗಿಯ ಉಸಿರು ಒಳಗೆ ಹೋದದ್ದು ಸುಕನ್ಯಳ ಕಿವಿಗೆ ಕೇಳಿಸಿತು, ಹೊರಗೆ ಬಂದದ್ದು ಕೇಳಿಸಲಿಲ್ಲ. ಸಾಲು ಶುರುವಾಗುವ ಜಾಗ ಬಂತು. ಯಾರೂ ಶುರು ಮಾಡಲಿಲ್ಲ.

ಸುಕನ್ಯ ಸೊಲ್ಲು ಹಿಡಿದಳು.

“ಯೋಚ್ನೆ ಮಾಡಿ ಮಾಡಿದ್ದಲ್ಲ,” ಎಂದು ಈಗ ಅವ್ವನಿಗೆ ಹೇಳುತ್ತಾಳೆ. “ಕೈಲಿರೋ ಮಗು ಜಾರುದ್ರೆ ಯಾರಾದ್ರೂ ಯೋಚ್ನೆ ಮಾಡ್ತಾರಾ? ಅಂಗೇ ಆಯ್ತು.”

ಎರಡು ಸಾಲು ಅವಳೇ ಹಾಡಿದಳು. ಮೂರನೆಯ ಸಾಲಿಗೆ ಹುಡುಗಿಯ ದನಿ ಮರಳಿ ಬಂತು, ಸುಕನ್ಯ ತನ್ನ ದನಿಯನ್ನು ಕೆಳಗೆ ಇಳಿಸಿಕೊಂಡಳು. ಹಾಡು ತುಂಡಾಗಲಿಲ್ಲ. ಪರದೆಯ ಹಿಂದೆ ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಮುಂದೆ ಕ್ಯಾಮೆರಾ ಹುಡುಗಿಯ ಮುಖದ ಹತ್ತಿರ ಬಂದು ನಿಂತಿತ್ತು. ತುಟಿ ಮುಚ್ಚಿದೆ, ಕಣ್ಣಲ್ಲಿ ನೀರು ತುಂಬಿದೆ, ತುಂಬು ದನಿಯ ಹಾಡು ಮಾತ್ರ ಕೇಳುತ್ತಿದೆ. ಮೊದಲೇ ರೆಕಾರ್ಡ್ ಮಾಡಿದ ಹಾಡಿಗೆ ಬಾಯಿ ಆಡಿಸುತ್ತಿದ್ದವಳು ಸಿಕ್ಕಿಬಿದ್ದಳು ಎಂದು ನೋಡಿದವರೆಲ್ಲ ತಿಳಿದರು. ಹಾಡು ಮುಗಿಯುವ ಮುಂಚೆಯೇ ಆ ತುಣುಕು ಊರೂರು ಸುತ್ತತೊಡಗಿತು. ಎಲ್ಲ ದೇಶಗಳ ಮತ ಎಣಿಸಿದಾಗ ಚಿಕ್ಕ ದೇಶಕ್ಕೆ ಒಂದೂ ಬಂದಿರಲಿಲ್ಲ. ದನಿ ರೆಕಾರ್ಡಿನದಲ್ಲ, ಪರದೆಯ ಹಿಂದಿನ ಹೆಂಗಸಿನದು ಎಂದು ಮಾರನೆಯ ದಿನ ವಿಚಾರಣೆಯಲ್ಲಿ ತೀರ್ಮಾನವಾಯಿತು. ಅಷ್ಟು ಹೊತ್ತಿಗೆ ಅದು ಯಾರಿಗೂ ಬೇಕಿರಲಿಲ್ಲ.

ಮುದುಕಿಯ ಮಗ ಕೂಗಾಡಲಿಲ್ಲ. ಹೋಟೆಲಿನ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತಿದ್ದ.

“ನೀನು ಸುಮ್ಮನಿದ್ದಿದ್ದರೆ ಜನ ಆ ಹುಡುಗಿಯನ್ನು ನೋಡಿ ಮರುಗುತ್ತಿದ್ದರು. ಮರುಕಕ್ಕೂ ಮತ ಬೀಳುತ್ತದೆ.”

“ಹಾಡು ನಿಂತುಹೋಗುತ್ತಿತ್ತು.”

“ನಿಂತರೆ ನಿಲ್ಲಲಿ. ಅದು ಬರಿಯ ಹಾಡು.”

ಸುಕನ್ಯ ಕೇಳಿದಳು. “ನನ್ನ ಮಗಳ ವಿಷಯ?”

“ಈಗ ಬೇಡ,” ಎಂದ.

ಗುರುಪುರದಲ್ಲಿ ಮಾರನೆಯ ಬೆಳಿಗ್ಗೆ ಚೆಲುವರಾಜುವಿನ ಫೋನಿಗೆ ವಿಡಿಯೊ ಬಂದಿತ್ತು. ಜಗಲಿಯ ಮೇಲೆ ಎಲ್ಲರೂ ಅದರ ಸುತ್ತ ಕೂತರು. ಎಲ್ಲಿ ಹುಡುಕಿದರೂ ಸುಕನ್ಯ ಇರಲಿಲ್ಲ.

“ಎಲ್ಲವ್ಳೆ ನಿನ್ ಮಗ್ಳು? ಬರೀ ಬಿಳೀ ಹುಡ್ಗೀನೇ ತೋರುಸ್ತಾವ್ನೆ,” ಎಂದಳು ಸಾಕಮ್ಮ.

ತುಟಿ ಮುಚ್ಚಿದ ಮುಖ ಬಂದಾಗ ಚಿನ್ನು ಫೋನಿನ ಮೇಲೆ ಬೆರಳಿಟ್ಟಳು. “ಇದು ನಮ್ಮವ್ವ. ನಮ್ಮವ್ವ ಕಣಜ್ಜಿ, ಕೇಳು.”

ಚೆಲುವರಾಜು ಅದನ್ನು ಮತ್ತೆ ಹಾಕಿದ. ಕೆಂಪಾಜಮ್ಮ ಕಣ್ಣು ಮುಚ್ಚಿ ಕೇಳಿದಳು. “ಪದ ತುಂಡಾಗಕ್ಕೆ ಬುಡ್ನಿಲ್ಲ ಕಣ್ಲಾ ಚೆಲುವ,” ಎಂದಳು. “ಸರಿಯಾಗಿ ಹಿಡ್ದವ್ಳೆ.”

“ಸರಿಯಾಗಿ ಹಿಡುದಿದ್ದಕ್ಕೇ ಕಣವ್ವ ಸೋತಿದ್ದು,” ಎಂದ ಚೆಲುವರಾಜು. ಅವನು ವಿಡಿಯೊದ ಕೆಳಗೆ ಜನ ಬರೆದಿದ್ದನ್ನು ಓದುತ್ತಿದ್ದ. ಅವ್ವನಿಗೆ ಓದಿ ಹೇಳಲಿಲ್ಲ.

ಆ ಚಳಿಗಾಲದಲ್ಲಿ ಮುದುಕಿ ತೀರಿಕೊಂಡಳು. ಸುಕನ್ಯ ಆ ದೇಶದಲ್ಲಿ ಇರಲು ಸಿಕ್ಕಿದ್ದ ಪರವಾನಗಿ ಆ ಮುದುಕಿಯ ಆರೈಕೆಗೆಂದೇ ಕೊಟ್ಟದ್ದು. ಮಗ ಫೋನ್ ಎತ್ತುವುದನ್ನು ಬಿಟ್ಟಿದ್ದ. ಬೇಕರಿಯ ಹುಡುಗಿ ಒಮ್ಮೆ ಮನೆ ಬಾಗಿಲಿಗೆ ಬಂದು ಬ್ರೆಡ್ಡಿನ ಪೊಟ್ಟಣ ಕೊಟ್ಟು ಹೋದಳು. ಅವಧಿ ಮುಗಿದ ಮೇಲೆ ಸುಕನ್ಯ ಊರಿಗೆ ಬಂದಳು. ಮತ್ತೆ ಎಲ್ಲಿಗಾದರೂ ಹೋಗಲು, ಹೊರದೇಶಕ್ಕೆ ಕೆಲಸದವರನ್ನು ಕಳುಹಿಸುವ ಏಜೆನ್ಸಿಯವರನ್ನು ಕೇಳಿದಳು. ಮಕ್ಕಳನ್ನು ಜೊತೆಗೆ ಬಿಡುವ ದೇಶ ಅವರ ಬಳಿ ಇರಲಿಲ್ಲ.

ಈಗ ಅವಳು ಬೀಚನಹಳ್ಳಿಯ ಹತ್ತಿರ, ಕಬಿನಿ ಹಿನ್ನೀರಿನ ದಡದ ಒಂದು ರೆಸಾರ್ಟಿನಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾಳೆ. ಉಳಿಯುವುದೂ ಅಲ್ಲೇ. ವಾರಕ್ಕೊಂದು ರಜೆ, ಆ ದಿನ ಗುರುಪುರಕ್ಕೆ ಬರುತ್ತಾಳೆ. ಹೋದ ಬೇಸಿಗೆಯಲ್ಲಿ ಈಜುಕೊಳದ ಹತ್ತಿರ ಟವೆಲ್ ಇಡಲು ಹೋದಾಗ ಅತಿಥಿಗಳ ಗುಂಪೊಂದು ಫೋನ್ ನೋಡಿ ನಗುತ್ತಿತ್ತು. ಅದರಲ್ಲಿ ಬರುತ್ತಿದ್ದದ್ದು ಅವಳ ದನಿ. ಅವಳು ಟವೆಲ್ ಇಟ್ಟಳು. ಒಬ್ಬರು “ಥ್ಯಾಂಕ್ಯೂ” ಎಂದರು.

ಅದು ತನ್ನ ದನಿ ಎಂದು ಜೊತೆ ಕೆಲಸದ ಪ್ರಿಯಾ ಎಂಬ ಹುಡುಗಿಗೆ ಮಾತ್ರ ಒಮ್ಮೆ ಹೇಳಿದ್ದಳು. “ಸುಮ್ನಿರಕ್ಕ, ಬೆಳ್ಗಿಂದ ನಾನೇ ಸಿಕ್ಕಿದ್ನಾ ನಿಂಗೆ,” ಎಂದು ಅವಳು ನಂಬದೆ ನಕ್ಕಳು. ಆಮೇಲೆ ಅಲ್ಲಿ ಯಾರಿಗೂ ಹೇಳಲಿಲ್ಲ.

ಚಿನ್ನುವಿಗೆ ಈಗ ಹನ್ನೊಂದು ತುಂಬಿದೆ. ಚಿಕ್ಕ ದೇಶದ ಮಾತು ಎತ್ತುವುದಿಲ್ಲ. ಫೋಟೊಕ್ಕೆ ತೆಗೆದ ಫ್ರಾಕ್ ಗಿಡ್ಡವಾಗಿ, ಮನೆಯಲ್ಲಿ ಒರೆಸುವ ಬಟ್ಟೆಯಾಯಿತು. ಸಂಜೆ ಅಜ್ಜಿಯ ಪಕ್ಕ ಕೂತು ಸೋಬಾನೆ ಕಲಿಯುತ್ತಾಳೆ. ಅವ್ವ ಮನೆಯಲ್ಲಿರುವ ದಿನ ಮಾತ್ರ ಕಲಿಯುವುದಿಲ್ಲ.

ಈ ಫಾಲ್ಗುಣದಲ್ಲಿ ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದಲ್ಲಿ ಕೆಂಪಾಜಮ್ಮನ ತಂಗಿಯ ಮೊಮ್ಮಗಳು ಪುಟ್ಟಿಯ ಮದುವೆ ನಡೆಯಿತು. ಸೋಬಾನೆ ಬೇಕೇ ಬೇಕು ಎಂದು ತಂಗಿ ಹಟ ಹಿಡಿದಿದ್ದಳು. ಸುಕನ್ಯ ರಜೆ ಕೇಳಿಕೊಂಡು ಬಂದಳು. ಚಪ್ಪರದಲ್ಲಿ ಅವ್ವನ ಎಡಕ್ಕೆ, ತನ್ನ ಹಳೆಯ ಜಾಗದಲ್ಲೇ ಕೂತಳು. ಚಿನ್ನು ಅವಳ ಪಕ್ಕ ಕೂತಳು.

ಕೆಂಪಾಜಮ್ಮನಿಗೆ ಎಪ್ಪತ್ತು ದಾಟಿದೆ. ಧಾರೆಯ ಪದ ಅರ್ಧಕ್ಕೆ ಬಂದಾಗ ಅವಳ ಭುಜ ಮೇಲಕ್ಕೆ ಏರಿ ಅಲ್ಲೇ ನಿಂತಿತು. ಸುಕನ್ಯ ಅದನ್ನು ನೋಡಿದಳು. ಮೇಳದ ಹೆಂಗಸರು ಅವಳ ಕಡೆ ತಿರುಗಿದರು. ಅವಳು ಚಾಪೆಯನ್ನು ನೋಡುತ್ತಾ ಕೂತಿದ್ದಳು.

ಚಿನ್ನು ಬಾಯಿ ತೆರೆದಳು. ಮೊದಲ ಅಕ್ಷರ ಹೊರಡುವಷ್ಟರಲ್ಲಿ ಸುಕನ್ಯಳ ಕೈ ಅವಳ ತೊಡೆಯ ಮೇಲೆ ಬಿದ್ದು ಗಟ್ಟಿಯಾಗಿ ಒತ್ತಿತು. ಚಿನ್ನು ಬಾಯಿ ಮುಚ್ಚಿದಳು.

ಚಪ್ಪರ ಸುಮ್ಮನಾಯಿತು. “ಹಾಡು ಮುಗೀತಾ ಅಮ್ಮ? ಇನ್ನು ಫೋಟೊಕ್ಕೆ ನಿಲ್ಲುಸ್ಬೋದಾ?” ಎಂದು ಕೇಳಿದ ಫೋಟೊದವನು.

“ಮುಗೀತಪ್ಪ,” ಎಂದಳು ಕೆಂಪಾಜಮ್ಮ.

ಸಂಜೆ ಹುಣಸೂರಿನಿಂದ ಹೆಗ್ಗಡದೇವನಕೋಟೆ ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟಿನಲ್ಲಿ ಜಾಗ ಸಿಕ್ಕಿತು. ಕೆಂಪಾಜಮ್ಮ ಮಗಳಿಗೆ ಬೆನ್ನು ಕೊಟ್ಟು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

“ನಂಗೆ ಬತ್ತಿತ್ತು ಕಣವ್ವ,” ಎಂದಳು ಚಿನ್ನು. “ಪೂರ್ತಿ ಬತ್ತಿತ್ತು.”

“ಗೊತ್ತು.”

“ಮತ್ಯಾಕೆ ಅದುಮಿದೆ?”

“ಎಲ್ರೂ ಸುಮ್ಕಿದ್ದಾಗ ನೀನೂ ಸುಮ್ಕಿರೋದ್ನ ಕಲ್ತ್ಕೋ,” ಎಂದಳು ಸುಕನ್ಯ.

ಗುರುಪುರದಲ್ಲಿ ಬಸ್ಸು ನಿಂತಿತು. ಅಜ್ಜಿಯ ಕೈ ಹಿಡಿದು ಚಿನ್ನು ಇಳಿದಳು. ಸುಕನ್ಯಳಿಗೆ ಬೆಳಿಗ್ಗೆ ಕೆಲಸವಿತ್ತು. ಬಸ್ಸು ಅವಳನ್ನು ಕೂರಿಸಿಕೊಂಡು ಕೋಟೆಯ ಕಡೆಗೆ ಹೊರಟಿತು.